ಅಡಿಸ್ ಅಬಾಬಾಗೆ ಆರು ಗಂಟೆ, ಎದುರು ಮನೆಗೆ ಎರಡು

ಪುಟ್ಟಿ, ಗುಂಡ,

ಪ್ರತಿ ಭಾನುವಾರ ಫೋನಿನಲ್ಲಿ ನೀವಿಬ್ಬರೂ ಕೇಳುವುದು ಒಂದೇ ಪ್ರಶ್ನೆ: “ಅಜ್ಜಿ, ನಿಮ್ಮೂರು ಇಲ್ಲಿಂದ ಎಷ್ಟು ದೂರ?” ನಾನು “ತುಂಬಾ ದೂರ ಕಣಪ್ಪ” ಎಂದು ಹೇಳಿ ಫೋನನ್ನು ನಿಮ್ಮ ಚಿಕ್ಕತಾತನ ಕೈಗೆ ಕೊಟ್ಟುಬಿಡುತ್ತೇನೆ. ಆ ಪುಟ್ಟ ಗಾಜಿನ ಮೂಲೆಯಲ್ಲಿ ನನ್ನ ಮುಖವೇ ನನ್ನನ್ನು ನೋಡುತ್ತಿದ್ದರೆ ನನಗೆ ಮಾತು ಬರುವುದಿಲ್ಲ. ಕಾಗದಕ್ಕೆ ಕಣ್ಣಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಐದನೆಯ ತರಗತಿಯವರೆಗೆ. ಅಕ್ಷರ ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದಲಿ. ವಿಷಯವನ್ನು ಮಾತ್ರ ತಿದ್ದುವುದು ಬೇಡ.

ಆ ಶಾಲೆಯಲ್ಲಿ ಮೇಷ್ಟ್ರು ದೂರ ಮತ್ತು ಕಾಲದ ಲೆಕ್ಕ ಕೊಡುತ್ತಿದ್ದರು. ಒಂದು ರೈಲು ಇಷ್ಟು ವೇಗದಲ್ಲಿ ಹೋದರೆ ಇಷ್ಟು ದೂರಕ್ಕೆ ಎಷ್ಟು ಹೊತ್ತು ಬೇಕು ಎಂದು. ನಾನು ಲೆಕ್ಕವನ್ನು ಸರಿಯಾಗಿಯೇ ಮಾಡುತ್ತಿದ್ದೆ. ಆದರೆ ರೈಲಿಗೆ ಹೋಗುವವರು ಮನೆಯಿಂದ ಹೊರಟರೋ ಇಲ್ಲವೋ ಎಂದು ಪುಸ್ತಕ ಎಂದೂ ಕೇಳುತ್ತಿರಲಿಲ್ಲ. ನನಗೆ ಕೇಳಬೇಕೆನಿಸುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅರವತ್ತು ದಾಟಿದ ಮೇಲೆ, ಗುಂಡ, ನೀನು ಹುಟ್ಟುವ ಹಿಂದಿನ ದಿನ.

ನಿಮ್ಮ ಅಪ್ಪ ಮೊದಲು ಹೊಸೂರಿನ ಪಕ್ಕದ ನಮ್ಮ ಮತ್ತಿಗಿರಿಯ ಹತ್ತಿರವೇ ಒಂದು ಗುಲಾಬಿ ತೋಟದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ನೋಡಿಕೊಳ್ಳುತ್ತಿದ್ದರು. ಇಲ್ಲಿ ಗುಲಾಬಿ ಬೆಳೆದು ಕಲಿತವರನ್ನು ಇಥಿಯೋಪಿಯದ ತೋಟದವರು ಕರೆದರು, ಹೋದರು. ಪುಟ್ಟಿ, ನೀನು ಹುಟ್ಟಿದ್ದು ಇಲ್ಲೇ, ನಮ್ಮ ಮನೆಯ ನಡುಕೋಣೆಯ ಬಾಣಂತನದಲ್ಲೇ ನೀನು ಬೆಳ್ಳಗಾಗಿದ್ದು. ಎರಡನೆಯ ಹೆರಿಗೆಗೆ ನಿಮ್ಮ ಅಮ್ಮ ವಿಮಾನ ಹತ್ತಬಾರದು ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟರು. ನಿಮ್ಮ ಅಪ್ಪ ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಬೇಕು. ನೀನು ಮೂರು ವರ್ಷದ ಪುಂಡಿ. ಹೆರಿಗೆ ನೋವು ಬಂದರೆ ಪಕ್ಕದಲ್ಲಿ ಕೂರುವವರು ಆ ದೇಶದಲ್ಲಿ ಒಬ್ಬರೂ ಇರಲಿಲ್ಲ. “ಅಮ್ಮ, ನೀನೇ ಬಾ” ಎಂದಳು ನಿಮ್ಮ ಅಮ್ಮ. ಅವಳು ನನ್ನಿಂದ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ನಾನು ಹೂಂ ಅಂದೆ. ನಾನು ಅದುವರೆಗೆ ಹೋಗಿದ್ದ ಅತಿ ದೂರದ ಊರು ತಿರುಪತಿ.

ನಾನು ಹೊರಡುವ ಸುದ್ದಿಯಿಂದ ನನಗಿಂತ ಹೆಚ್ಚು ಬದಲಾದವರು ನಿಮ್ಮ ಚಿಕ್ಕತಾತ. ನನ್ನ ಮೈದುನ ಕಾರ್ಖಾನೆಯಿಂದ ನಿವೃತ್ತರಾಗಿ ವರ್ಷವಾಗಿತ್ತು. ಕೈಯಲ್ಲಿ ಫೋನಿತ್ತು, ಹೊತ್ತಿತ್ತು, ಕೆಲಸವಿರಲಿಲ್ಲ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರುವ ಹೊತ್ತನ್ನೂ ಹೇಳುವ ಒಂದು ಪುಟ ಅವರಿಗೆ ಫೋನಿನಲ್ಲಿ ಸಿಕ್ಕಿತು. ಅಂದಿನಿಂದ ಅವರು ನಮ್ಮ ಬೀದಿಗೆ ಆಕಾಶದ ಅಮಲ್ದಾರರಾದರು.

“ಅತ್ಗೆ, ಬೆಂಗಳೂರಿಂದ ಅಡಿಸ್ ಅಬಾಬಾಗೆ ನಾಕು ಸಾವಿರದ ಮುನ್ನೂರು ಕಿಲೋಮೀಟ್ರು ಹತ್ರ ಐತೆ. ಆರು ಗಂಟೆ. ಅಷ್ಟೇಯ. ಬೆಳಿಗ್ಗೆ ಮುದ್ದೆ ಉಂಡ್ಕೊಂಡು ಹೊಂಟ್ರೆ ಸಂಜೆ ಕಾಫಿಗೆ ಮಗಳ ಮನೇಲಿರ್ತೀರ.”

“ಇಲ್ಲಿಂದ ದೇವನಹಳ್ಳಿಗೆ?” ಎಂದೆ.

“ಅದು ಪಕ್ಕದಾಗೇ ಐತಲ್ಲ” ಎಂದು ಕೈ ಬೀಸಿದರು. ನಾಲ್ಕು ಸಾವಿರ ಕಿಲೋಮೀಟರು ನೋಡಿದ ಕಣ್ಣಿಗೆ ಎಪ್ಪತ್ತು ಎಪ್ಪತ್ತೈದು ಕಾಣುವುದಿಲ್ಲ.

ಟೀ ಅಂಗಡಿಯಲ್ಲಿ ಅವರ ಲೆಕ್ಕ ಇನ್ನೂ ಸೊಗಸಾಯಿತು. ವಿಮಾನ ಇಲ್ಲಿಂದ ಹೊರಡುವುದು ಮಧ್ಯಾಹ್ನ ಎರಡಕ್ಕೆ, ಅಲ್ಲಿ ಇಳಿಯುವುದು ಸಂಜೆ ಐದೂವರೆಗೆ ಎಂದು ಟಿಕೆಟ್ಟಿನಲ್ಲಿತ್ತು. ಬರುವಾಗ ಎಂಟೂವರೆ ಗಂಟೆ ಎಂದಿತ್ತು. ಹೋಗಲು ಮೂರೂವರೆ, ಬರಲು ಎಂಟೂವರೆ ಏಕೆ ಎಂದು ಯಾರೋ ಕೇಳಿದರಂತೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ ಎಂಬುದು ಚಿಕ್ಕತಾತನಿಗೆ ಆಗಿನ್ನೂ ಹೊಳೆದಿರಲಿಲ್ಲ. ಅವರು ಟೀ ಲೋಟ ಕೆಳಗಿಟ್ಟು ಹೇಳಿದರಂತೆ: “ಹೋಗೋವಾಗ ಇಳಿಜಾರು ಕಣ್ಲಾ. ಬರೋವಾಗ ಏರು. ರಾಯಕೋಟೆ ಘಾಟ್‌ನಾಗೆ ಬಸ್ಸು ನೋಡಿಲ್ವಾ, ಹಂಗೇ.” ಅಂಗಡಿಯಲ್ಲಿದ್ದವರೆಲ್ಲ ತಲೆಯಾಡಿಸಿದರಂತೆ. ಮಾರನೆಯ ದಿನದಿಂದ ಹೆಂಗಸರೆಲ್ಲ ನನ್ನನ್ನು ಕಂಡಾಗ “ಹೋಗೋವಾಗ ಸುಲಭವಂತೆ, ಬರೋವಾಗ ಉಷಾರು” ಎನ್ನತೊಡಗಿದರು.

ಇನ್ನೊಬ್ಬ ಪಂಡಿತರು ನಮ್ಮ ಪಂಚಾಂಗದ ಐನೋರು. ಅವರ ಬಳಿ ಫೋನಿರಲಿಲ್ಲ. ಆದರೆ ಅವರಲ್ಲಿ ಹಳದಿ ಪುಟದ ಒಂದು ಪುಸ್ತಕವಿತ್ತು, ಅದಕ್ಕೆ ಚಾರ್ಜು ಬೇಕಿರಲಿಲ್ಲ. ಟಿಕೆಟ್ಟು ಬುಧವಾರಕ್ಕೆ ಆಗಿದೆ ಎಂದು ಹೇಳಲು ಹೋದಾಗ ಅವರು ಪುಸ್ತಕ ತೆರೆಯದೆಯೇ ಮುಖ ಹಿಂಡಿದರು.

“ಮಂಗಳವಾರ, ಬುಧವಾರ ಉತ್ತರಕ್ಕೆ ಶೂಲೆ. ಉತ್ತರಕ್ಕೆ ಹೋಗೋ ಹಾಗಿಲ್ಲ.”

“ಐನೋರೇ, ಅತ್ಗೆ ಹೋಗ್ತಿರೋದು ಪಶ್ಚಿಮಕ್ಕೆ. ಇಥಿಯೋಪಿಯ ಪಶ್ಚಿಮದಾಗೈತೆ” ಎಂದರು ಚಿಕ್ಕತಾತ, ಫೋನು ಅವರ ಮೂಗಿಗೆ ಹಿಡಿದು.

“ದೇವನಹಳ್ಳಿ ಎಲ್ಲಿದೆಯಪ್ಪ?”

“ಅದು ಉತ್ತರ.”

“ಮನೆಯಿಂದ ಹೊರಟು ಮೊದಲು ಕಾಲಿಡೋದು ಯಾವ ದಿಕ್ಕಿಗೆ? ಅದೇ ಪ್ರಯಾಣ.”

“ಕಾರು ನೆಲದ ಮೇಲೆ ಹೋಗೋದು ಪ್ರಯಾಣನಾ? ನಾಕು ಸಾವಿರದ ಮುನ್ನೂರು ದೊಡ್ದಾ, ಎಪ್ಪತ್ತು ದೊಡ್ದಾ? ಯಾವುದು ದೊಡ್ಡದೋ ಅದೇ ದಿಕ್ಕು.”

ಒಂದು ಗಂಟೆ ಹೊತ್ತು ಇಬ್ಬರೂ ನಾನು ಯಾವ ದಿಕ್ಕಿಗೆ ಹೋಗುತ್ತಿದ್ದೇನೆಂದು ವಾದ ಮಾಡಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನನ್ನನ್ನು ಕೇಳಿದ್ದರೆ ಮಗಳ ದಿಕ್ಕಿಗೆ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಕೊನೆಗೆ ಐನೋರೇ ದಾರಿ ತೋರಿಸಿದರು. “ಪರಸ್ಥಾನ ಇಟ್ಟುಬಿಡಿ” ಎಂದರು.

ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ದಿನದಲ್ಲಿ ನಮ್ಮ ಸಾಮಾನಿನ ಒಂದು ಗಂಟನ್ನು ಹೋಗುವ ದಿಕ್ಕಿನ ಬೇರೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟಿತೆಂದರೆ ನಾವು ಹೊರಟಂತೆ. ಆಮೇಲೆ ಯಾವ ದಿನ ಹೋದರೂ ಅದನ್ನು ಎತ್ತಿಕೊಂಡು ಮುಂದೆ ನಡೆದರಾಯಿತು, ಶೂಲೆ ತಟ್ಟುವುದಿಲ್ಲ. ಒಂದೇ ಕಟ್ಟುಪಾಡು: ಇಟ್ಟ ಗಂಟು ಮತ್ತೆ ನಮ್ಮ ಹೊಸಲು ದಾಟಿ ಒಳಗೆ ಬರಬಾರದು. ಹಿಂದಿನವರು ದೇವರ ಕಣ್ಣಿಗೂ ಗ್ರಹಗಳ ಕಣ್ಣಿಗೂ ಎಷ್ಟು ಚೆನ್ನಾಗಿ ಮಣ್ಣೆರಚುತ್ತಿದ್ದರು ನೋಡಿ. ಶನಿ ಮಹಾತ್ಮ ಬಂದು ನೋಡಿದರೆ ಗಂಟು ಇಲ್ಲ, ಇವಳು ಹೋಗಿಬಿಟ್ಟಿದ್ದಾಳೆ ಎಂದುಕೊಂಡು ತಿರುಗಿ ಹೋಗಬೇಕು. ನಾನು ಒಳಗೆ ಸಾರು ಕುದಿಸುತ್ತಾ ಕೂತಿರುತ್ತೇನೆ.

ಗಂಟಿನಲ್ಲಿ ಏನಿಡಬೇಕು ಎಂದು ಕೇಳಿದೆವು. ಐನೋರು, “ಯಾವುದಿಲ್ಲದೆ ಪ್ರಯಾಣ ನಡೆಯೋಲ್ವೋ ಅದು ಇರಬೇಕು. ಹಿಂದೆ ಮೆಟ್ಟು, ಕೊಡೆ, ಊರುಗೋಲು ಇಡ್ತಿದ್ದರು. ಏನೋ ಒಂದು ಹಳೇ ಸೀರೆ ಇಟ್ಟು ಗ್ರಹಗಳಿಗೆ ಮೋಸ ಮಾಡಿದರೆ ಫಲ ಇಲ್ಲ” ಎಂದರು.

“ಹಂಗಾದ್ರೆ ಪಾಸ್‌ಪೋರ್ಟು” ಎಂದರು ಚಿಕ್ಕತಾತ.

“ಅದಿಲ್ಲದೆ ಬಿಡೋದಿಲ್ಲವೋ?”

“ಬಾಗ್ಲಾಗೇ ನಿಲ್ಲಿಸ್ತಾರೆ.”

“ಹಾಗಾದರೆ ಅದೇ ಸರಿ” ಎಂದರು ಐನೋರು. ಆ ಒಂದು ತಿಂಗಳಲ್ಲಿ ಇಬ್ಬರೂ ಒಪ್ಪಿದ್ದು ಆ ಒಂದೇ ಮಾತಿಗೆ. ಎರಡು ಶಾಸ್ತ್ರಗಳು ಒಟ್ಟಿಗೆ ಒಪ್ಪಿದಾಗ ನಾವು ಹೆದರಬೇಕು ಎಂದು ನನಗೆ ಆಗ ತಿಳಿಯಲಿಲ್ಲ.

ಯಾರ ಮನೆಯಲ್ಲಿ ಇಡುವುದು ಎಂಬುದನ್ನು ಫೋನೇ ತೀರ್ಮಾನಿಸಿತು. ಚಿಕ್ಕತಾತ ನಮ್ಮ ಮನೆಯಿಂದ ಅಡಿಸ್ ಅಬಾಬಾಗೆ ಗಾಜಿನ ಮೇಲೆ ಬೆರಳಿನಿಂದ ಗೆರೆ ಎಳೆದರು. ಆ ಗೆರೆ ನಮ್ಮ ಜಗಲಿ ಇಳಿದು, ಬೀದಿ ದಾಟಿ, ಎದುರು ಮನೆಯ ವದಿನೆಯ ಸೂರಿನ ಮೇಲೆ ಹಾಯ್ದು, ಅಲ್ಲಿಂದ ಅರಬ್ಬಿ ಸಮುದ್ರಕ್ಕೆ ಬಿದ್ದಿತು. ಎದುರು ಮನೆಯವಳು ತೆಲುಗಿನವಳು. ಬಂದ ಹೊಸದರಲ್ಲಿ ನಾನು ಅವಳನ್ನು ಅವರ ಮಾತಿನಲ್ಲೇ ವದಿನಾ ಎಂದು ಕರೆದೆ, ಅಂದರೆ ಅತ್ತಿಗೆ. ಅವಳೂ ನನ್ನನ್ನು ಹಾಗೇ ಕರೆಯುತ್ತಾಳೆ. ನಮ್ಮಲ್ಲಿ ಯಾರು ಯಾರಿಗೆ ಅತ್ತಿಗೆ ಎಂಬುದು ಮೂವತ್ತು ವರ್ಷದಲ್ಲಿ ತೀರ್ಮಾನವಾಗಿಲ್ಲ.

ಸೋಮವಾರ ಬೆಳಿಗ್ಗೆ ರಾಹುಕಾಲ ಕಳೆದ ಮೇಲೆ ಒಂದು ಸೀರೆ, ಅರಿಶಿನದ ಅಕ್ಕಿ, ತೆಂಗಿನಕಾಯಿ, ಪಾಸ್‌ಪೋರ್ಟು, ಅದರೊಳಗೆ ಮಡಿಸಿಟ್ಟ ಟಿಕೆಟ್ಟು, ಇಷ್ಟನ್ನೂ ಒಂದು ಹೆಗಲು ಚೀಲದಲ್ಲಿ ಹಾಕಿ ಬೀದಿ ದಾಟಿದೆ. ಹತ್ತು ಹೆಜ್ಜೆ. ವದಿನೆ ಚೀಲ ತೆಗೆದುಕೊಂಡು ದೇವರ ಗೂಡಿನ ಕೆಳಗೆ ಇಟ್ಟಳು.

“ಏಮ್ ವದಿನಾ, ಆಫ್ರಿಕಾ ನಮ್ಮನೇಲೇ ಶುರುವಾಗ್ತದಾ?” ಎಂದಳು.

“ಫೋನು ಹಂಗೆ ಹೇಳ್ತು” ಎಂದೆ.

“ಸರಿ ಬಿಡು. ಬುಧವಾರ ಬಂದು ಎತ್ಕೊಂಡು ಹೋಗು.”

ಮನೆಗೆ ಬಂದಾಗ ಐನೋರು, “ಇನ್ನು ನೀವು ಹೊರಟಾಗಿದೆ ಅಮ್ಮ” ಎಂದರು. ಎರಡು ದಿನ ನಾನು ಹೊರಟವಳಾಗಿ ಮನೆಯಲ್ಲೇ ಇದ್ದೆ. ಪಾತ್ರೆ ತೊಳೆದೆ, ಬಾಣಂತಿಗೆಂದು ಓಮ, ಬಜೆ, ಒಣಶುಂಠಿ ಪುಡಿ ಮಾಡಿ ಕಟ್ಟಿದೆ, ಚಿಕ್ಕತಾತನಿಗೆ ಕಾಫಿ ಕೊಟ್ಟೆ. ಯಾರಾದರೂ ಬಂದು “ಹೊರಟಿರಾ?” ಎಂದರೆ “ಹೊರಟಾಯ್ತು, ಕೂತ್ಕೊಳಿ” ಎಂದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮಲ್ಲಿ ಯಾರಾದರೂ ಪ್ರಯಾಣ ಹೊರಟಾಗ ಗಂಡ ಸತ್ತವಳು ಎದುರು ಬರಬಾರದು. ನಿಮ್ಮ ತಾತ ಹೋದಂದಿನಿಂದ ಬೀದಿಯಲ್ಲಿ ಯಾರ ಮನೆಯ ಮುಂದಾದರೂ ಕಾರು ನಿಂತಿದ್ದರೆ, ಪೆಟ್ಟಿಗೆ ಹೊರಗೆ ಬಂದಿದ್ದರೆ, ನಾನು ಒಳಗೇ ಇರುತ್ತಿದ್ದೆ. ಯಾರೂ ಹೇಳಬೇಕಾಗಿರಲಿಲ್ಲ. ಈಗ ಹೊರಡುವವಳು ನಾನೇ. ಇದಕ್ಕೆ ಪುಸ್ತಕದಲ್ಲಿ ಏನಿದೆ ಎಂದು ಕೇಳಲು ನನಗೆ ನಾಚಿಕೆ. ಐನೋರಿಗೂ ನಾಚಿಕೆ ಇರಬೇಕು, ಅವರು ಪುಟ ತಿರುಗಿಸುತ್ತಾ “ಎದುರಿಗೆ ಒಬ್ಬ ಮುತ್ತೈದೆ ತುಂಬಿದ ಕೊಡ ಹಿಡಿದು ಬಂದರೆ ಎಲ್ಲಾ ಸರಿಹೋಗ್ತದೆ” ಎಂದಷ್ಟೇ ಹೇಳಿದರು. ಕೊಡ ಹಿಡಿಯಲು ಗೊತ್ತು ಮಾಡಿದ್ದೂ ವದಿನೆಯನ್ನೇ.

ಬುಧವಾರ ಬೆಳಿಗ್ಗೆ ಆರಕ್ಕೆ ಕಾರು ಬಂತು. ಡ್ರೈವರ್ ಹೊಸೂರಿನ ತಮಿಳಿನವರು, ತಲೆ ನರೆತವರು, ಹೆಚ್ಚು ಮಾತಿಲ್ಲ. ಪೆಟ್ಟಿಗೆಗಳನ್ನು ಕಾರಿಗೆ ಹಾಕಿದರು. ನಾನು ಬೀದಿ ದಾಟಿ ಎದುರು ಮನೆಗೆ ಹೋದೆ. ಬಾಗಿಲಿಗೆ ಬೀಗ.

ಪಕ್ಕದ ಮನೆಯವಳು ಹಲ್ಲುಜ್ಜುತ್ತಾ ಬಂದು ಹೇಳಿದಳು: “ಅವ್ರು ಗಂಡ ಹೆಂಡ್ತಿ ಇಬ್ರೂ ನೆನ್ನೆ ಸಂಜೆನೇ ಸಾನಮಾವಿನ ಹತ್ರ ಅವ್ರ ತವ್ರುಗೆ ಹೋಗ್ಬುಟ್ರಲ್ಲಮ್ಮ. ಆನೆ ಬಂದ್ಬುಟ್ಟಿದ್ವಂತೆ. ರಾಗಿ ಕೊಯ್ದು ಗುಡ್ಡೆ ಹಾಕಿದ್ರಂತೆ, ತಮ್ಮ ಒಬ್ನೇ ಕಾಯ್ತಾವ್ನೆ ಅಂತ ಓಡುದ್ರು. ಬೆಳಿಗ್ಗೆ ಬಂದ್ಬುಡ್ತೀವಿ ಅಂದಿದ್ರು.”

ಚಿಕ್ಕತಾತ ವದಿನೆಯ ಫೋನಿಗೆ ಮಾಡಿದರು. ಸಿಗಲಿಲ್ಲ. ಕಾಡಂಚಿನಲ್ಲಿ ಫೋನು ಸಿಗದಿರುವುದು ಹೊಸದಲ್ಲ. ಆದರೂ ಅವರು ಎದೆಗುಂದಲಿಲ್ಲ. ಎರಡು ಬೆರಳಿನಿಂದ ಭೂಪಟ ಹಿಗ್ಗಿಸಿ ನೋಡಿ, “ಹದ್ನೆಂಟು ಕಿಲೋಮೀಟ್ರು, ಮೂವತ್ತೈದು ನಿಮಿಷ. ಕೀ ತಂದೇಬುಡ್ತೀನಿ. ಏಳೂಕಾಲಿಗೆ ನೀವು ಕಾರ್‌ನಾಗಿರ್ತೀರ” ಎಂದು ಬೈಕ್ ಹತ್ತಿ ಹೋದರು.

ನಾನು ವದಿನೆಯ ಜಗಲಿಯ ಮೇಲೆ ಕೂತೆ. ನಮ್ಮ ಮನೆಗೆ ಹೋಗಿ ಕೂರಬಹುದಾಗಿತ್ತು. ಆದರೆ ಐನೋರು ಬಂದವರು, “ಒಮ್ಮೆ ಹೊಸಲು ದಾಟಿದ ಮೇಲೆ ಮತ್ತೆ ಒಳಗೆ ಹೋದರೆ ಮೊದಲಿಂದ ಹೊರಡಬೇಕಾಗ್ತದೆ” ಎಂದರು. ಡ್ರೈವರ್ ಗಡಿಯಾರ ನೋಡಿಕೊಂಡು, “ಅಮ್ಮ, ಅತ್ತಿಬೆಲೆ ಎಂಟು ಗಂಟೆಗೆ ಮೇಲೆ ದಾಟಿದ್ರೆ ಕಷ್ಟಮ್ಮ. ಫುಲ್ ಟ್ರಾಫಿಕ್” ಎಂದರು. ಸುಳ್ಳಲ್ಲ. ನಮ್ಮೂರಿನ ಹುಡುಗರು ದಿನಾ ಆ ರಸ್ತೆಯಲ್ಲಿ ಬಸ್ಸಿನಲ್ಲಿ ನಿದ್ದೆ ಮಾಡಿ ಎದ್ದು, ಮತ್ತೆ ನಿದ್ದೆ ಮಾಡಿದರೂ ಬೆಂಗಳೂರು ಬಂದಿರುವುದಿಲ್ಲ.

ಏಳೂಕಾಲಾಯಿತು. ಏಳೂವರೆಗೆ ಚಿಕ್ಕತಾತನ ಫೋನು ಬಂತು. ಅವರ ದನಿ ಸಣ್ಣಗಾಗಿತ್ತು.

“ಅತ್ಗೆ, ರಸ್ತೇಲಿ ಫಾರೆಸ್ಟ್‌ನೋರು ನಿಲ್ಲಿಸವ್ರೆ. ಆನೆ ಗುಂಪು ರಸ್ತೆ ದಾಟ್ಬೇಕಂತೆ. ಮರಿ ಬೇರೆ ಐತಂತೆ, ಅದು ಬರೋಗಂಟ ದೊಡ್ವು ಕದಲಲ್ವಂತೆ.”

“ಎಷ್ಟು ಹೊತ್ತಾಗ್ತದೆ?”

“ಫೋನು ಈಗ್ಲೂ ಆರು ನಿಮಿಷ ಅಂತಾನೇ ತೋರಿಸ್ತೈತೆ” ಎಂದರು. ಪಾಪ, ಫೋನು ಆನೆಗಳನ್ನು ಕೇಳಿರಲಿಲ್ಲ.

ಐನೋರು ಜಗಲಿಯ ಕಂಬಕ್ಕೆ ಒರಗಿ ಹೇಳಿದರು: “ಗಜರಾಜ ಅಡ್ಡ ಬಂದಿದ್ದಾನೆ ಅಂದರೆ ಶುಭ ಶಕುನ.”

“ಶುಭ ಬಂದಿರೋದು ಅವ್ರಿಗೆ ಸಾಮಿ, ಅವ್ರು ಕೀ ತರೋಕೆ ಹೋಗಿದಾರೆ” ಎಂದರು ಡ್ರೈವರ್.

ಆಗ ನನ್ನ ಫೋನು ಮೊಳಗಿತು. ನಿಮ್ಮ ಅಮ್ಮ. ನಾನು ಹೊರಟು ದಾರಿಯಲ್ಲಿದ್ದೇನೆ ಎಂದುಕೊಂಡಿದ್ದಳು.

“ಅಮ್ಮ, ಎಲ್ಲಿದೀಯ?”

“ಹೊರಟಿದೀನಿ” ಎಂದೆ. ಪಂಚಾಂಗದ ಪ್ರಕಾರ ಅದು ನಿಜವೇ.

“ನೋವು ಶುರುವಾದಂಗೈತೆ ಕಣಮ್ಮ. ಇನ್ನೂ ಒಂದು ವಾರ ಐತೆ ಅಂದಿದ್ರು. ಇವ್ರು ಆಸ್ಪತ್ರೆಗೆ ಫೋನ್ ಮಾಡ್ತಾವ್ರೆ. ಪುಟ್ಟಿ ಮಲಗವ್ಳೆ.” ಒಂದು ಸಲ ನರಳಿ ಮತ್ತೆ ಕೇಳಿದಳು: “ಸಾಯಂಕಾಲ ಬಂದ್ಬುಡ್ತೀಯ ಅಲ್ವಾ? ನಿನ್ನ ಕೈ ಹಿಡ್ಕೊಂಡ್ರೆ ನಂಗೆ ಭಯ ಆಗಲ್ಲ.”

“ಬತ್ತೀನಿ ಕಣವ್ವ” ಎಂದೆ.

ಪುಟ್ಟಿ, ಗುಂಡ, ನಾನು ಜೀವಮಾನದಲ್ಲಿ ಯಾರ ಮುಂದೆಯೂ ಗಟ್ಟಿಯಾಗಿ ಮಾತಾಡಿದವಳಲ್ಲ. ಮದುವೆ ಮನೆಯಲ್ಲಿ ಎರಡನೆಯ ಸಲ ಸಾರು ಬೇಕೆಂದು ಕೇಳಲಾರದೆ ಒಣ ಅನ್ನ ಉಂಡು ಎದ್ದು ಬಂದಿದ್ದೇನೆ. ಆ ದಿನವೂ ಗಟ್ಟಿಯಾಗಿ ಮಾತಾಡಲಿಲ್ಲ. ವದಿನೆಯ ಜಗಲಿಯ ಮೂಲೆಯಲ್ಲಿ ಅವಳ ಹಳೆಯ ಒರಳಿನ ಗುಂಡುಕಲ್ಲು ಬಿದ್ದಿತ್ತು. ಎರಡೂ ಕೈಯಲ್ಲಿ ಎತ್ತಿದೆ.

“ಅಮ್ಮ, ಅಮ್ಮ, ಏನು ಮಾಡ್ತೀರಿ? ಪರಸ್ಥಾನ ಇಟ್ಟವರ ಕೈಯಿಂದಲೇ ತಗೋಬೇಕು. ಹೊರಡೋ ಹೊತ್ತಲ್ಲಿ ಬೀಗ ಒಡೆಯೋದು ಅಪಶಕುನ” ಎಂದರು ಐನೋರು.

“ನಾನೇ ಅಪಶಕುನ ಅಲ್ವಾ ಐನೋರೇ. ಅದಕ್ಕಿಂತ ದೊಡ್ಡದು ಯಾವುದೈತೆ?” ಎಂದೆ.

ಮೆಲ್ಲಗೇ ಅಂದೆ. ಆದರೂ ಪಕ್ಕದ ಮನೆಯವಳು ಅಂಗಳ ಗುಡಿಸುವುದನ್ನು ನಿಲ್ಲಿಸಿದಳು. ಐನೋರು ಪಂಚಾಂಗ ಮುಚ್ಚಿ ಬೇರೆ ಕಡೆ ನೋಡಿದರು. ಅವರು ಕೆಟ್ಟವರಲ್ಲ. ಹಿಂದಿನವರು ಬರೆದುದನ್ನು ಓದಿ ಹೇಳುವವರು, ಫೋನಿನ ಹಾಗೆ.

ಡ್ರೈವರ್ “ನಾನು ಒಡೀತೀನಮ್ಮ, ಕೊಡಿ” ಎಂದರು. ಕೊಡಲಿಲ್ಲ. ಇನ್ನೊಬ್ಬರ ಮನೆಯ ಬೀಗ ಒಡೆದರು ಎಂಬ ಮಾತು ಬಾಡಿಗೆಗೆ ಬಂದವರ ಮೇಲೆ ಏಕೆ ಬರಬೇಕು? ಮೂರು ಏಟು ಹಾಕಿದೆ. ಮೊದಲನೆಯದು ಬಾಗಿಲಿಗೆ ಬಿತ್ತು, ಎರಡನೆಯದು ಚಿಲಕಕ್ಕೆ. ಮೂರನೆಯದಕ್ಕೆ ಬೀಗ ಬಾಯಿ ಬಿಟ್ಟಿತು.

ಚೀಲ ದೇವರ ಗೂಡಿನ ಕೆಳಗೆ ಇಟ್ಟ ಹಾಗೇ ಇತ್ತು. ಎತ್ತಿದರೆ ಸೋಮವಾರಕ್ಕಿಂತ ಭಾರ. ತೆರೆದು ನೋಡಿದೆ. ಮೇಲೆ ಬಟ್ಟೆಯಲ್ಲಿ ಕಟ್ಟಿದ ರಾಗಿ ಹುರಿಹಿಟ್ಟು, ಇನ್ನೂ ಘಮ್ಮೆನ್ನುತ್ತಿತ್ತು. ಬಾಣಂತಿಗೆಂದು ವದಿನೆ ಹುರಿದು ಬೀಸಿ ಇಟ್ಟಿದ್ದಳು, ಹೇಳಿರಲಿಲ್ಲ. ಅವಳ ಬಾಗಿಲು ಒಡೆದು ಅವಳ ಉಡುಗೊರೆ ಎತ್ತಿಕೊಂಡೆ. ಬಾಗಿಲಿಗೆ ನಮ್ಮ ಮನೆಯ ಹಗ್ಗ ಕಟ್ಟಿಸಿ, ಪಕ್ಕದವಳಿಗೆ ನೋಡಿಕೋ ಎಂದು ಹೇಳಿ ಕಾರು ಹತ್ತಿದಾಗ ಸರಿಯಾಗಿ ಎಂಟು ಗಂಟೆ. ತುಂಬಿದ ಕೊಡ ಹಿಡಿದು ಎದುರು ಬರಬೇಕಾದವಳು ಆನೆಗಳ ಆ ಕಡೆ ಇದ್ದಳು. ನನಗೆ ಯಾರೂ ಎದುರು ಬರಲಿಲ್ಲ. ಕಾರಿನ ಗಾಜಿನಲ್ಲಿ ನನ್ನ ಮುಖವೇ ಕಂಡಿತು. ಅದನ್ನೇ ಶಕುನ ಎಂದುಕೊಂಡೆ.

ದಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ದಾರಿ ಹೆಚ್ಚು ಚಲಿಸಲಿಲ್ಲ. ಅತ್ತಿಬೆಲೆಯಲ್ಲಿ ನಿಂತೆವು. ಆಮೇಲೆ ಮೇಲ್ಸೇತುವೆಯ ಕೆಳಗೆ ನಿಂತೆವು, ಮೇಲ್ಸೇತುವೆಯ ಮೇಲೆ ನಿಂತೆವು. ಬೆಂಗಳೂರಿನ ನಡುವೆ ಒಂದು ಕಡೆ ನಿಂತಿದ್ದಾಗ ಪಕ್ಕದ ಬಸ್ಸಿನಲ್ಲಿ ಕೂತಿದ್ದ ಹೆಂಗಸು ಒಂದು ಕಟ್ಟು ಸೊಪ್ಪು ಪೂರ್ತಿ ಬಿಡಿಸಿ ಮುಗಿಸಿದಳು. ಚಿಕ್ಕತಾತ ಆನೆಗಳ ಹತ್ತಿರದಿಂದಲೇ ಮತ್ತೆ ಮತ್ತೆ ಫೋನು ಮಾಡಿ ನಾನು ಎಲ್ಲಿದ್ದೇನೆಂದು ಕೇಳಿ, ಇನ್ನು ಎಷ್ಟು ನಿಮಿಷ ಎಂದು ಹೇಳುತ್ತಿದ್ದರು. ಪ್ರತಿ ಸಲವೂ ನಲವತ್ತು ನಿಮಿಷ. ಹತ್ತೂವರೆಗೆ ಆನೆ ಮರಿ ರಸ್ತೆ ದಾಟಿತಂತೆ. ನಾನು ಆಗಿನ್ನೂ ಬೆಂಗಳೂರು ದಾಟಿರಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿದಾಗ ಹನ್ನೆರಡು. ಬುಧವಾರದ ರಾಹುಕಾಲ ಶುರುವಾಗುವುದು ಆಗಲೇ. ನಾಲ್ಕು ಗಂಟೆಯಲ್ಲಿ ಎಪ್ಪತ್ತು ಚಿಲ್ಲರೆ ಕಿಲೋಮೀಟರು. ಡ್ರೈವರ್ ಪೆಟ್ಟಿಗೆಗಳನ್ನು ಗಾಡಿಗೆ ಹಾಕಿಕೊಟ್ಟು, “ಬೇಗ ಹೋಗಿಮ್ಮ, ಒಂದು ಗಂಟೆಗೆ ಮುಚ್ತಾರೆ” ಎಂದು ಒಳಗೆ ಹೋಗುವ ತನಕ ಅಲ್ಲೇ ನಿಂತಿದ್ದರು. ಪಾಸ್‌ಪೋರ್ಟ್ ನೋಡುವ ಕಿಟಕಿಯಲ್ಲಿದ್ದವರು ಪುಟ ತಿರುಗಿಸಿದಾಗ ಅರಿಶಿನದ ಅಕ್ಕಿ ಮೇಜಿನ ಮೇಲೆಲ್ಲ ಉದುರಿತು. ಅವರು ಒಂದೊಂದೇ ಕಾಳು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಮುದ್ರೆ ಒತ್ತಿದರು. ಮದುವೆಯ ಧಾರೆಯಲ್ಲಿ ಕೂಡ ನನ್ನ ಮೇಲೆ ಅಷ್ಟು ಅಕ್ಷತೆ ಬಿದ್ದಿರಲಿಲ್ಲ.

ವಿಮಾನದಲ್ಲಿ ಎದುರಿನ ಪರದೆಯ ಮೇಲೆ ಚಿಕ್ಕತಾತ ಎಳೆದಂಥದೇ ಒಂದು ಗೆರೆ ಇತ್ತು. ಒಂದು ಪುಟ್ಟ ವಿಮಾನ ಅದರ ಮೇಲೆ ಹರಿದು ಹೋಗುತ್ತಿತ್ತು. ಎಷ್ಟು ದೂರ ಉಳಿದಿದೆ ಎಂಬ ಅಂಕಿ ಕಣ್ಣೆದುರೇ ಇಳಿಯುತ್ತಿತ್ತು. ಆನೆ ಇಲ್ಲ, ಬೀಗ ಇಲ್ಲ. ಪೂರ್ತಿ ಸಮುದ್ರವನ್ನು ನಾನು ಒಂದು ಸಲ ತೂಕಡಿಸಿ ಏಳುವಷ್ಟರಲ್ಲಿ ದಾಟಿದೆವು. ಆರು ಗಂಟೆ ಎಂದಿದ್ದರು, ಆರೇ ಗಂಟೆ. ಶಾಲೆಯ ಲೆಕ್ಕದ ರೈಲು ಹೋಗುತ್ತಿದ್ದುದು ಈ ಲೋಕದಲ್ಲಿರಬೇಕು.

ಇಳಿದು ಹೊರಗೆ ಬಂದಾಗ ನಿಮ್ಮ ಅಪ್ಪ ನಿಂತಿದ್ದರು. ಮೈಯೆಲ್ಲ ಔಷಧಿ ಹೊಡೆದ ತೋಟದ ವಾಸನೆ. ಪುಟ್ಟಿ, ನೀನು ಅವರ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದೆ. “ಇನ್ನೂ ಆಗಿಲ್ಲ ಅತ್ತೆ, ಆಸ್ಪತ್ರೇಲವ್ಳೆ, ನಿಮ್ಮನ್ನೇ ಕೇಳ್ತಾವ್ಳೆ” ಎಂದರು. ಗೋಡೆಯ ಗಡಿಯಾರ ಐದೂವರೆ ತೋರಿಸುತ್ತಿತ್ತು. ಪೆಟ್ಟಿಗೆ ಎತ್ತಲು ಬಂದ ಅವರ ತೋಟದ ಡ್ರೈವರ್ ಏನೋ ಹೇಳಿದರು. ನಿಮ್ಮ ಅಪ್ಪ ನಕ್ಕು, “ಹನ್ನೊಂದೂವರೆ ಆಯ್ತು, ಬೇಗ ಹೋಗಾನ ಅಂತಾವ್ರೆ. ಇಲ್ಲಿಯೋರು ಹೊತ್ತು ಎಣಿಸೋದು ಸೂರ್ಯ ಹುಟ್ಟಿದಾಗಿಂದ ಅತ್ತೆ. ನಮ್ಮ ಬೆಳಿಗ್ಗೆ ಏಳು ಇವ್ರಿಗೆ ಒಂದು” ಎಂದರು. ನನಗೆ ಅದು ಒಂದು ಸಲಕ್ಕೇ ಅರ್ಥವಾಯಿತು. ನಮ್ಮ ಅಜ್ಜಿಯೂ ಹೊತ್ತು ಹುಟ್ಟಿ ಎಷ್ಟು ಗಳಿಗೆಯಾಯಿತು ಎಂದೇ ಎಣಿಸುತ್ತಿದ್ದಳು. ಚಿಕ್ಕತಾತನಿಗೆ ಅದು ಇಂದಿಗೂ ಅರ್ಥವಾಗಿಲ್ಲ.

ನಿಮ್ಮ ಅಮ್ಮ ನನ್ನ ಕೈ ಹಿಡಿದವಳು ಬೆಳಗಿನವರೆಗೂ ಬಿಡಲಿಲ್ಲ. ಗುಂಡುಕಲ್ಲು ಎತ್ತಿದ ಕೈ, ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಅವಳು ಹಿಂಡಿದಾಗಲೆಲ್ಲ ನನಗೂ ಜೀವ ಹೋಗುತ್ತಿತ್ತು. ಹೀಗೆ ಇಬ್ಬರೂ ಸೇರಿ ಗುಂಡನನ್ನು ಹೆತ್ತೆವು. ಅದಕ್ಕೇ ನಿನಗೆ ಗುಂಡ ಎಂದು ಹೆಸರಿಟ್ಟವಳು ನಾನು. ನೀನು ದುಂಡಗಿದ್ದುದಕ್ಕೆ ಎಂದು ಎಲ್ಲರೂ ತಿಳಿದಿದ್ದಾರೆ. ಕಲ್ಲಿನ ವಿಷಯ ಇಂದಿನವರೆಗೆ ನಾನು ಹೇಳಿರಲಿಲ್ಲ.

ಹುಟ್ಟಿದ ಹೊತ್ತನ್ನು ನರ್ಸಮ್ಮ ಚೀಟಿಯಲ್ಲಿ ಹನ್ನೆರಡೂವರೆ ಎಂದು ಬರೆದಳು, ಅವರ ಎಣಿಕೆಯಲ್ಲಿ. ನಿಮ್ಮ ಅಪ್ಪನ ಕೈಗಡಿಯಾರದಲ್ಲಿ ಬೆಳಿಗ್ಗೆ ಆರೂವರೆ. ನಮ್ಮೂರಿನಲ್ಲಿ ಆಗ ಒಂಬತ್ತು. ಮೂರನ್ನೂ ಚಿಕ್ಕತಾತ ಐನೋರಿಗೆ ಮುಟ್ಟಿಸಿದರು. ಐನೋರು ಯಾವುದನ್ನೂ ಬಿಡದೆ ಮೂರು ಜಾತಕ ಬರೆದರು. ಒಂದರಲ್ಲಿ ನಿನಗೆ ರಾಜಯೋಗವಿದೆ, ಇನ್ನೊಂದರಲ್ಲಿ ವಿದ್ಯಾಯೋಗ, ಮೂರನೆಯದರಲ್ಲಿ ವಾಹನದಿಂದ ಕಂಟಕ. ದೊಡ್ಡವನಾದ ಮೇಲೆ ನಿನಗೆ ಬೇಕಾದುದನ್ನು ಆರಿಸಿಕೋ.

ಆರು ತಿಂಗಳಾದ ಮೇಲೆ ಆ ‘ಏರು’ ದಾರಿಯಲ್ಲಿ ಹಿಂದಿರುಗಿದೆ. ಅಲ್ಲಿನ ಸಂತೆಯಲ್ಲಿ ವದಿನೆಗೆಂದು ಒಂದು ಗಟ್ಟಿ ಹಿತ್ತಾಳೆ ಬೀಗ ಕೊಂಡು ತಂದಿದ್ದೆ. ಕೊಡುವಾಗ ತಲೆ ಎತ್ತಲಾಗಲಿಲ್ಲ. “ಬೀಗ ಒಡೆದ್ಬುಟ್ಟೆ ವದಿನಾ” ಎಂದೆ.

ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ನಗು ನಿಲ್ಲಲೇ ಇಲ್ಲ. “ಅದ್ನ ಯಾಕೆ ಒಡೆದೆ ತಾಯಿ? ಅದ್ರ ಕೀ ಕಳೆದೋಗಿ ಎಂಟು ವರ್ಷ. ಕೆಳಗೆ ಹಿಡಿದು ಎಳೆದಿದ್ರೆ ಬರ್ತಿತ್ತು. ನಾನು ದಿನಾ ಹಂಗೇ ತೆಗೆಯೋದು. ನಿನಗೆ ಗೊತ್ತಿರ್ಲಿಲ್ವಾ?”

ಗೊತ್ತಿರಲಿಲ್ಲ. ಮೂವತ್ತು ವರ್ಷ ಎದುರು ಮನೆಯಲ್ಲಿದ್ದೂ ನಾನು ಯಾರ ಬೀಗವನ್ನೂ ಮುಟ್ಟಿ ನೋಡಿದವಳಲ್ಲ. ಹಾಗಾದರೆ ಚಿಕ್ಕತಾತ ಆನೆಗಳ ಮುಂದೆ ಕಾಯುತ್ತಾ ನಿಂತಿದ್ದು ಇಲ್ಲದ ಕೀಗೆ. ಇದನ್ನು ಅವರಿಗೆ ಇಂದಿಗೂ ಹೇಳಿಲ್ಲ. ನೀವೂ ಹೇಳಬೇಡಿ. ಟೀ ಅಂಗಡಿಯಲ್ಲಿ ಆನೆಗಳ ಸಂಖ್ಯೆ ಹದಿನೆಂಟಕ್ಕೆ ಏರಿದೆ.

ಎಷ್ಟು ದೂರ ಎಂದು ಕೇಳಿದಿರಲ್ಲ, ಇಷ್ಟು ದೂರ. ಈ ಹಾಳೆಗಳನ್ನು ಮುಂದಿನ ತಿಂಗಳು ನಿಮ್ಮಲ್ಲಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನನಗೂ ವಯಸ್ಸಾಯಿತು. ನಾನು ಮುಂದೆ ಹೊರಡಬೇಕಾದ ಊರಿನ ದೂರವನ್ನೂ ಹೊತ್ತನ್ನೂ ಚಿಕ್ಕತಾತನ ಫೋನು ತೋರಿಸುವುದಿಲ್ಲ. ಅದಕ್ಕೆ ದಿನ ಒಳ್ಳೆಯದಿರುತ್ತದೋ ಇಲ್ಲವೋ, ಮೊದಲೇ ಪರಸ್ಥಾನ ಇಡುವುದು ವಾಸಿ. ಇದೇ ನನ್ನ ಗಂಟು, ನಿಮ್ಮ ಮನೆಯಲ್ಲಿ ಇಡುತ್ತಿದ್ದೇನೆ. ಪೆಟ್ಟಿಗೆಯ ತಳದಲ್ಲಿ, ಇಲಿ ಮುಟ್ಟದ ಕಡೆ ಜೋಪಾನವಾಗಿಡಿ. ಬೀಗ ಹಾಕಲೇಬೇಕೆಂದಿದ್ದರೆ ವದಿನೆಯ ಆ ಹಳೆಯ ಬೀಗದಂಥದನ್ನು ಹಾಕಿ, ಎಳೆದರೆ ಬರುವಂಥದು.